16 ಮಿಲಿಸೆಕೆಂಡುಗಳ ಶಿಸ್ತು

‘ಡೂಮ್ ಎಟರ್ನಲ್’ (2020) ಆಟದಲ್ಲಿ ಮರಾಡರ್ ಎಂಬ ಎದುರಾಳಿ ಬರುತ್ತಾನೆ. ಗುರಾಣಿ ಅಡ್ಡ ಹಿಡಿದರೆ ಯಾವ ಗುಂಡೂ ನಾಟದು. ಕೊಡಲಿ ಬೀಸುವ ಮುನ್ನ ಅವನ ಕಣ್ಣು ಹಸಿರಾಗಿ ಮಿಂಚುತ್ತದೆ, ಆಗಲೇ ಹೊಡೆಯಬೇಕು. ಇವನನ್ನು ಬೈದವರು ಬಹಳ. ನನಗೆ ಆಟದ ಸತ್ವವೇ ಇಲ್ಲಿದೆ ಅನಿಸುತ್ತದೆ. ಇಂಥ ಪರೀಕ್ಷೆ ನ್ಯಾಯವಾಗಿರಬೇಕಾದರೆ, ಬಟನ್ ಒತ್ತಿದ್ದಕ್ಕೂ ತೆರೆಯ ಮೇಲೆ ಫಲ ಕಾಣುವುದಕ್ಕೂ ನಡುವಿನ ಅಂತರ ಹಿಗ್ಗಿ ಕುಗ್ಗಬಾರದು. ಆ ಹೊಣೆ ಆಟವನ್ನು ನಡೆಸುವ ತಂತ್ರಾಂಶವಾದ ಎಂಜಿನ್ನಿನದು.

ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಶತ್ರುಗಳ ನಡೆ, ಡಿಕ್ಕಿಯ ಲೆಕ್ಕ, ಬೆಳಕು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಸರಾಸರಿ 60 ಬಂದರೆ ಸಾಲದು. ಒಂದು ಫ್ರೇಮ್ 10ಕ್ಕೆ ಮುಗಿದು ಮುಂದಿನದು 40 ತೆಗೆದುಕೊಂಡರೆ ಆಟ ಜಗ್ಗಿದ್ದು ಕೈಗೆ ಗೊತ್ತಾಗಿಬಿಡುತ್ತದೆ. ‘ಎಟರ್ನಲ್’ ಓಡುವ, ಐಡಿ ಸಾಫ್ಟ್‌ವೇರ್‌ನ ಐಡಿ ಟೆಕ್ 7 ಎಂಜಿನ್ನಿನಲ್ಲಿ ಕೆಲಸವನ್ನೆಲ್ಲ ಸಾಲಾಗಿ ಹೊತ್ತು ಸಾಗುವ ಮುಖ್ಯ ಥ್ರೆಡ್ ಎಂಬುದೇ ಇಲ್ಲ. ಕೆಲಸವನ್ನೆಲ್ಲ ಸಣ್ಣ ತುಂಡುಗಳಾಗಿಸಿ ಪ್ರೊಸೆಸರಿನ ಕೋರ್‌ಗಳಿಗೆ ಹಂಚುತ್ತದೆ. ದೃಶ್ಯ ಭಾರವಾದಾಗ ಕನ್ಸೋಲ್‌ಗಳಲ್ಲಿ ರೆಸಲ್ಯೂಷನ್ ತಗ್ಗಿಸಿ ವೇಗ ಕಾಯ್ದುಕೊಳ್ಳುತ್ತದೆ. ಚಿತ್ರ ಕೊಂಚ ಮಸುಕಾದರೂ ಸರಿ, ಹಿಡಿತ ತಪ್ಪಬಾರದು ಎಂಬ ಈ ನಿಲುವು ನನಗೆ ಪೂರ್ತಿ ಒಪ್ಪಿಗೆ.

1993ರ ಮೊದಲ ‘ಡೂಮ್’ನಲ್ಲೂ ಈ ಶಿಸ್ತಿತ್ತು. ಆಟದ ಲೆಕ್ಕ ಸೆಕೆಂಡಿಗೆ 35 ಬಾರಿ ನಡೆಯುತ್ತಿತ್ತು. ಕಂಪ್ಯೂಟರ್ ನಿಧಾನದ್ದಾದರೆ ಚಿತ್ರಗಳು ಕಡಿಮೆಯಾಗುತ್ತಿದ್ದವು, ಓಟದ ವೇಗ ಅಷ್ಟೇ ಇರುತ್ತಿತ್ತು. ಅದೇ ಸಂಸ್ಥೆಯ ‘ಕ್ವೇಕ್ 3 ಅರೀನಾ’ (1999) ಎಡವಿತು. ಅಲ್ಲಿ ಗುರುತ್ವದ ಮೌಲ್ಯ 800. 125 ಫ್ರೇಮಿನಲ್ಲಿ ಆಡಿದರೆ ಪ್ರತಿ 8 ಮಿಲಿಸೆಕೆಂಡಿಗೆ ಜಿಗಿತದ ವೇಗ 6.4ರಷ್ಟು ತಗ್ಗಬೇಕು. ಎಂಜಿನ್ ವೇಗವನ್ನು ಪೂರ್ಣಾಂಕಕ್ಕೆ ತರುವುದರಿಂದ ತಗ್ಗುವುದು 6 ಮಾತ್ರ. ಉಳಿದ ಚೂರುಗಳೆಲ್ಲ ಕೂಡಿ ಆಟಗಾರ ಇನ್ನಷ್ಟು ಎತ್ತರಕ್ಕೆ ಹಾರುತ್ತಾನೆ! ಪಳಗಿದವರು 125ಕ್ಕೇ ಅಂಟಿಕೊಂಡರು. ಇದನ್ನು ಕೌಶಲದ ಭಾಗವೆಂದು ಮೆಚ್ಚುವವರಿದ್ದಾರೆ. ಯಂತ್ರ ಒಳ್ಳೆಯದಿದ್ದವನಿಗೆ ಗುರುತ್ವವೇ ಹಗುರವಾಗುವುದಾದರೆ ನಾನದನ್ನು ದೋಷವೆಂದೇ ಕರೆಯುತ್ತೇನೆ.

ಹಾಗೆಂದು ಎಂಜಿನ್ ಒಂದೇ ಆಟವನ್ನು ಕಾಯಲಾರದು. ‘ಎಟರ್ನಲ್’ನಲ್ಲಿ ನೇರಳೆ ಬಣ್ಣದ ಅಂಟಿನಲ್ಲಿ ಕಾಲಿಟ್ಟರೆ ಜಿಗಿಯುವಂತಿಲ್ಲ, ಚಿಮ್ಮುವಂತಿಲ್ಲ. ಫ್ರೇಮ್ ಒಂದೂ ತಪ್ಪದಿದ್ದರೂ ಆ ಭಾಗಗಳು ಬೇಸರ ತರಿಸುತ್ತವೆ. ವಿನ್ಯಾಸಕಾರರೇ ಲಯ ಮುರಿದಿದ್ದಾರೆ.

ಸಣ್ಣ ತಂಡಗಳಿಗೆ ಸ್ವಂತ ಎಂಜಿನ್ ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಅನ್‌ರಿಯಲ್, ಯೂನಿಟಿಯಂಥ ಸಿದ್ಧ ಎಂಜಿನ್‌ಗಳೇ ಗತಿ. ಅನ್‌ರಿಯಲ್‌ನಲ್ಲಿ ತಯಾರಾದ ಎಷ್ಟೋ ಪಿಸಿ ಆಟಗಳು ಹೊಸ ಶೇಡರ್ (ಬೆಳಕು, ಬಣ್ಣಗಳನ್ನು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮ್) ಎದುರಾದಾಗ ಅದನ್ನು ಅಲ್ಲಿಯೇ ಕಂಪೈಲ್ ಮಾಡುತ್ತ ತಡವರಿಸುತ್ತವೆ. ಆ ಕೆಲಸವನ್ನು ಆಟ ಶುರುವಾಗುವ ಮುನ್ನವೇ ಮುಗಿಸಲು ದಾರಿಯಿದೆ. ಬಳಸದಿರುವುದು ತಂಡಗಳ ಉದಾಸೀನ. ಆಟ ಕೊಳ್ಳುವವರು ಸರಾಸರಿ ಫ್ರೇಮ್ ಸಂಖ್ಯೆಗೆ ಮರುಳಾಗದೆ, ಪ್ರತಿ ಫ್ರೇಮ್ ತೆಗೆದುಕೊಂಡ ಸಮಯದ ಗ್ರಾಫ್ ನೋಡಿ. ಅದು ಏರಿಳಿಯುತ್ತಿದ್ದರೆ ಪ್ಯಾಚ್ ಬರುವವರೆಗೆ ಹಣ ಕೊಡಬೇಡಿ.