ಕಡಲ ಚಿತ್ರ ಓದುವ ಬಗೆ: ತೆಂಗಿನ ಸೀಮೆಯ ರಸಿಕರಿಗೊಂದು ಕೈಪಿಡಿ

ತಿಪಟೂರಿನಿಂದ ಪಡುವಣ ಕಡಲಿಗೆ ನೇರ ಗೆರೆ ಎಳೆದರೆ ಸುಮಾರು 180 ಕಿಲೋಮೀಟರ್. ನಡುವೆ ಪಶ್ಚಿಮ ಘಟ್ಟ ಅಡ್ಡ ನಿಂತಿದೆ. ಆದರೂ ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೋಟಗಳು ಕಾಯುವುದು ಕಡಲ ಮಳೆಯನ್ನೇ: ಮುಂಗಾರಿಗೆ ಅರಬ್ಬಿ ಸಮುದ್ರ, ಹಿಂಗಾರಿಗೆ ಬಂಗಾಳ ಕೊಲ್ಲಿ. ದಡದಲ್ಲೇ ಹುಟ್ಟಿ ಬೆಳೆದವರಿಗೂ ಕಣ್ಣಿಗೆ ಬೀಳುವುದು ನೀರಿನ ಮೇಲ್ಮೈ ಅಷ್ಟೆ. ಒಳಗಿನ ವ್ಯಾಪಾರವನ್ನು ಅವರಿಗೂ ನಮಗೂ ತೋರಿಸಿಕೊಡುವುದು ಚಿತ್ರ. ಹಾಗಾಗಿ ಕಡಲ ವಿಜ್ಞಾನದ ಚಿತ್ರಗಳನ್ನು ಸವಿಯುವ ಹಕ್ಕು ಕರಾವಳಿಯವರಿಗಿರುವಷ್ಟೇ ನಮಗೂ ಇದೆ. ಬೇಕಾದದ್ದು ಮೂರು ಪ್ರಶ್ನೆ ಕೇಳುವ ಅಭ್ಯಾಸ: ಈ ಚಿತ್ರ ಏನನ್ನು ಹಿಗ್ಗಿಸಿದೆ? ಏನನ್ನು ಬಿಟ್ಟಿದೆ? ಏನನ್ನು ಊಹಿಸಿದೆ?

ಮೊದಲು ಅಳತೆ ನೋಡಿ

ಶಾಲೆಯ ಭೂಗೋಳ ಪುಸ್ತಕದಿಂದಲೇ ಶುರು ಮಾಡಿ. ಹೋಳು ಮಾಡಿದ ಕಾಯಿಯಲ್ಲಿ ನಾರು, ಕರಟ, ತಿರುಳು ಸಾಲಾಗಿ ಕಾಣುವಂತೆ ಅಲ್ಲಿ ಸಮುದ್ರವನ್ನು ಸೀಳಿ ಪಕ್ಕದಿಂದ ತೋರಿಸಿರುತ್ತಾರೆ. ದಡಕ್ಕೆ ಅಂಟಿದಂತೆ ಭೂಖಂಡಾವರಣ ಪ್ರದೇಶ, ಆಚೆಗೆ ಇಳಿಜಾರು, ಕೆಳಗೆ ಸಾಗರ ಮೈದಾನ. ಇಳಿಜಾರು ಗೋಡೆಯ ಹಾಗೆ ಕಡಿದಾಗಿರುತ್ತದೆ.

ಈಗ ಸ್ಕೇಲು, ಪೆನ್ಸಿಲು ಹಿಡಿಯಿರಿ. 2,000 ಕಿ.ಮೀ. ಅಗಲದ ಕಡಲನ್ನು 20 ಸೆಂ.ಮೀ. ಹಾಳೆಗೆ ಇಳಿಸಿದರೆ 1 ಸೆಂ.ಮೀ.ಗೆ 100 ಕಿ.ಮೀ. ಆಯಿತು. ಅದೇ ಲೆಕ್ಕದಲ್ಲಿ 4 ಕಿ.ಮೀ. ಆಳ ಎಂದರೆ 0.4 ಮಿ.ಮೀ., ಪೆನ್ಸಿಲಿನ ಒಂದು ಗೆರೆಯ ದಪ್ಪ. ಇಡೀ ಸಮುದ್ರ ಆ ಗೆರೆಯೊಳಗೆ ಮುಗಿದುಹೋಗುತ್ತದೆ. ಮೀನನ್ನಾಗಲಿ ಪ್ರವಾಹವನ್ನಾಗಲಿ ಬರೆಯಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಚಿತ್ರಕಾರರು ಆಳವನ್ನು ಮಾತ್ರ ನೂರು ಪಟ್ಟು ಹಿಗ್ಗಿಸಿ 4 ಸೆಂ.ಮೀ. ಮಾಡಿಕೊಳ್ಳುತ್ತಾರೆ. ನಿಜದಲ್ಲಿ ಸರಾಸರಿ ನಾಲ್ಕು ಡಿಗ್ರಿಯಷ್ಟು ಬಾಗಿದ ಇಳಿಜಾರು ಗೋಡೆಯಾಗುವುದು ಹೀಗೆ. ಎಷ್ಟು ಪಟ್ಟು ಹಿಗ್ಗಿಸಿದೆ ಎಂದು ಮೂಲೆಯಲ್ಲಿ ಬರೆದಿರುವ ಚಿತ್ರವನ್ನು ಧಾರಾಳವಾಗಿ ನಂಬಿ.

ಈ ಕಲೆಯ ಶಿಖರ ನೋಡಬೇಕೆಂದರೆ ಅಮೆರಿಕದ ಮೇರಿ ಥಾರ್ಪ್ ಅವರ ಕೆಲಸ ಹುಡುಕಿ. ಹಡಗುಗಳು ಶಬ್ದದ ಪ್ರತಿಧ್ವನಿಯಿಂದ ಅಳೆದು ತಂದ ಆಳದ ಅಂಕಿಗಳನ್ನು ಹಿಡಿದು, ಬ್ರೂಸ್ ಹೀಜನ್ ಜೊತೆಗೂಡಿ 1957ರಲ್ಲಿ ಅವರು ಉತ್ತರ ಅಟ್ಲಾಂಟಿಕ್‌ನ ತಳದ ನಕ್ಷೆ ಪ್ರಕಟಿಸಿದರು. ಆಳದ ವಿವರಗಳನ್ನು ನೌಕಾಪಡೆ ಗುಟ್ಟಾಗಿಟ್ಟಿದ್ದರಿಂದ ಅಂಕಿಗಳ ಬದಲು ಬೆಟ್ಟ ಕಣಿವೆಗಳನ್ನೇ ಓರೆನೋಟದಲ್ಲಿ ಬರೆದರು. ಸಾಗರದ ಪರ್ವತಸಾಲಿನ ನಡುವೆ ಸೀಳು ಕಣಿವೆಯೊಂದಿದೆ ಎಂಬುದು ಥಾರ್ಪ್ ಕಣ್ಣಿಗೆ ಬಿದ್ದದ್ದು ಗೆರೆ ಎಳೆಯುವಾಗಲೇ. ಹೀಜನ್ ಮೊದಲು ಒಪ್ಪಲಿಲ್ಲ. ಮುಂದೆ ಖಂಡಗಳು ಸರಿಯುತ್ತವೆ ಎಂಬ ವಾದಕ್ಕೆ ಆ ಕಣಿವೆ ದೊಡ್ಡ ಆಧಾರವಾಯಿತು. ಇವರ ಕೆಲಸವನ್ನು ಆಧರಿಸಿ ಆಸ್ಟ್ರಿಯಾದ ಹೈನ್ರಿಕ್ ಬೆರಾನ್ ಬಣ್ಣದಲ್ಲಿ ಬರೆದ ಹಿಂದೂ ಮಹಾಸಾಗರದ ತಳ 1967ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯೊಂದಿಗೆ ಬಂತು. ಅದನ್ನು ನೋಡುವಾಗ ಮೂರನೆಯ ಪ್ರಶ್ನೆ ನೆನಪಿರಲಿ: ಹಡಗು ಹೋಗದ ಜಾಗಗಳನ್ನು ತುಂಬಿರುವುದು ತಿಳಿವಳಿಕೆಯುಳ್ಳ ಊಹೆ.

ಬಾಣದ ಭಾಷೆ

ಗಾಳಿಯನ್ನು ಕರೆಯುವುದು ಅದು ಬಂದ ದಿಕ್ಕಿನಿಂದ, ಪ್ರವಾಹವನ್ನು ಕರೆಯುವುದು ಅದು ಹೋಗುವ ದಿಕ್ಕಿನಿಂದ. ನಕ್ಷೆಯ ಬಾಣ ಮಾತ್ರ ಎರಡಕ್ಕೂ ಹೋಗುವ ದಿಕ್ಕನ್ನೇ ತೋರಿಸುತ್ತದೆ. ಇದು ಗೊತ್ತಿದ್ದರೆ ಅರ್ಧ ಗೊಂದಲ ಕಳೆಯಿತು.

ಇನ್ನು ವೃತ್ತದೊಳಗಿನ ಗುರುತುಗಳು. ಒಳಗೆ ಚುಕ್ಕೆ ಇದ್ದರೆ ಬಾಣ ನಿಮ್ಮತ್ತ ಬರುತ್ತಿದೆ, ಕಾಣುತ್ತಿರುವುದು ಅದರ ಮೊನೆ. ಕತ್ತರಿ ಗುರುತಿದ್ದರೆ ಬಾಣ ನಿಮ್ಮಿಂದ ದೂರ ಹೋಗುತ್ತಿದೆ, ಕಾಣುತ್ತಿರುವುದು ಬಾಲದ ಗರಿ. ನಮ್ಮ ಕರಾವಳಿಯ ಮಳೆಗಾಲದ ಚಿತ್ರವನ್ನು ಇದರಿಂದ ಓದೋಣ. ಬಲಕ್ಕೆ ಮಂಗಳೂರು, ಎಡಕ್ಕೆ ಕಡಲು. ಅಂದರೆ ನೀವು ಉತ್ತರಕ್ಕೆ ಮುಖ ಮಾಡಿದ್ದೀರಿ. ನೀರಿನ ಮೇಲೆ ಚುಕ್ಕೆ ಇಟ್ಟ ವೃತ್ತ: ದಡದ ಗುಂಟ ಗಾಳಿ ದಕ್ಷಿಣಕ್ಕೆ, ನಿಮ್ಮತ್ತ, ಬೀಸುತ್ತಿದೆ. ಭೂಮಿ ತಿರುಗುವುದರಿಂದ ಉತ್ತರಾರ್ಧಗೋಳದಲ್ಲಿ ಮೇಲಿನ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ, ಇಲ್ಲಿ ಪಡುವಣಕ್ಕೆ. ಹಾಗಾಗಿ ಮೇಲ್ಪದರದ ಬಾಣ ಎಡಕ್ಕೆ ಹೊರಳಿದೆ. ತೆರವಾದ ಜಾಗಕ್ಕೆ ಕೆಳಗಿನಿಂದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಏರುತ್ತದೆ. ಅದು ದಡದ ಬಳಿಯ ಮೇಲ್ಮುಖ ಬಾಣ. ಅಲ್ಲಿ ಕಣ್ಣಿಗೆ ಕಾಣದ ಸಸ್ಯಜೀವಿಗಳು ಹುಲುಸಾಗುತ್ತವೆ, ಬೂತಾಯಿ, ಬಂಗುಡೆ ಮೀನುಗಳಿಗೆ ಮೇವಾಗುತ್ತವೆ. ಮೂರು ಗುರುತಿನಲ್ಲಿ ಒಂದು ಇಡೀ ಋತು! ಈ ಚಿತ್ರ ಬಿಟ್ಟಿರುವುದು ಕಾಲವನ್ನು: ಮಳೆಗಾಲ ಕಳೆದ ಮೇಲೆ ಈ ಬಾಣಗಳು ಹೀಗೇ ಇರುವುದಿಲ್ಲ.

ತೆಂಗು ಹರಡಿದ ನಕ್ಷೆಯ ಬಾಣಗಳನ್ನೂ ಹೀಗೇ ಪರೀಕ್ಷಿಸಿ. ನಾರಿನ ಹೊದಿಕೆಯಿಂದಾಗಿ ಕಾಯಿ ನೀರಲ್ಲಿ ಬಹಳ ಕಾಲ ತೇಲಬಲ್ಲದು. ಆದರೆ 2011ರ ತಳಿ ಅಧ್ಯಯನವೊಂದು ತೆಂಗನ್ನು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಎಂಬ ಎರಡು ಮೂಲಗಳಿಗೆ ಸೇರಿಸಿತು. ಮಡಗಾಸ್ಕರ್ ಸುತ್ತ ಇವೆರಡೂ ಬೆರೆತದ್ದಕ್ಕೆ ಕಾಯಿಯನ್ನು ಹಡಗಿನಲ್ಲಿ ಒಯ್ದ ಮನುಷ್ಯರನ್ನು ಕಾರಣವೆಂದಿತು. ತೇಲಿದ ದಾರಿಗೊಂದು ಗೆರೆ, ಒಯ್ದ ದಾರಿಗೆ ಇನ್ನೊಂದು ಗೆರೆ ಕೊಡದ ನಕ್ಷೆ ಅರೆಬೆಂದ ನಕ್ಷೆ.

ಕೆಂಪೆಲ್ಲ ಬಿಸಿಯಲ್ಲ

2019ರಲ್ಲಿ ಹಿಂದೂ ಮಹಾಸಾಗರದ ಪಡುವಣ ಭಾಗ ಕೆಂಪು, ಸುಮಾತ್ರಾ ಕಡೆ ನೀಲಿ ಎಂದು ತೋರಿಸುವ ನಕ್ಷೆಗಳು ಬಹಳ ಬಂದವು. ಇದಕ್ಕೆ ಹಿಂದೂ ಮಹಾಸಾಗರದ ದ್ವಿಧ್ರುವ ಎನ್ನುತ್ತಾರೆ. ವಿಜ್ಞಾನಿಗಳು ಇದನ್ನು ವಿವರಿಸಿದ್ದು 1999ರಲ್ಲಿ. ಇಂಥ ನಕ್ಷೆಯಲ್ಲಿ ಬಣ್ಣ ಹೇಳುವುದು ಉಷ್ಣತೆಯನ್ನಲ್ಲ, ಆ ತಿಂಗಳ ಸರಾಸರಿಗಿಂತ ಎಷ್ಟು ಹೆಚ್ಚು ಕಡಿಮೆ ಎಂಬುದನ್ನು. 26 ಡಿಗ್ರಿಯ ನೀರು ನೀಲಿಯಾಗಬಹುದು, 20 ಡಿಗ್ರಿಯದು ಕೆಂಪಾಗಬಹುದು. ಆದ್ದರಿಂದ ಕಣ್ಣು ಮೊದಲು ಹೋಗಬೇಕಾದದ್ದು ಬದಿಯ ಬಣ್ಣಪಟ್ಟಿಗೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್ ಉಪಗ್ರಹಗಳ ನೆರವಿನಿಂದ ಮೀನು ಸಿಗಬಹುದಾದ ಜಾಗಗಳ ನಕ್ಷೆ ಮಾಡುತ್ತದೆ. ಮೀನುಗಾರರ ಬದುಕು ನಿಂತಿರುವ ಈ ನಕ್ಷೆಗಳಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಅದೇ ಅವುಗಳ ಸೊಗಸು.

ನಮ್ಮೂರಿನ ಹಳೆಯ ಕಡಲು

ಕೊನೆಗೆ ಊಹೆಯ ಚಿತ್ರ. ಚಿಕ್ಕನಾಯಕನಹಳ್ಳಿಯ ಗುಡ್ಡಗಳ ಸುಣ್ಣದಕಲ್ಲು, ಮ್ಯಾಂಗನೀಸ್, ಪಟ್ಟೆಪಟ್ಟೆಯ ಕಬ್ಬಿಣದ ಕಲ್ಲು 260 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಪದರಗಟ್ಟಿದವು. ಹತ್ತಿರದ ದೊಡ್ಡಗುಣಿಯ ಸುಣ್ಣದಕಲ್ಲಿನಲ್ಲಿ ಸ್ಟ್ರೊಮಟೊಲೈಟ್‌ಗಳಿವೆ, ಸೂಕ್ಷ್ಮಜೀವಿಗಳ ಹಾಸು ಕಟ್ಟಿದ ಪದರಗಳು. ಆ ಕಡಲ ಚಿತ್ರ ಸಿಕ್ಕರೆ ಹೀಗೆ ನೋಡಿ. ಕಲ್ಲಿನ ಪದರಗಳಿಗೆ ಸಾಕ್ಷಿಯಿದೆ. ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದದ್ದಕ್ಕೂ ಸಾಕ್ಷಿಯಿದೆ. ನೀರಿನ ಬಣ್ಣ, ಆಕಾಶದ ಬಣ್ಣ ಚಿತ್ರಕಾರರ ಊಹೆ. ಅದರಲ್ಲಿ ಒಂದೇ ಒಂದು ಮೀನು ಇದ್ದರೂ ಚಿತ್ರ ತಪ್ಪು. ಮೀನು ಹುಟ್ಟಲು ಇನ್ನೂ ಇನ್ನೂರು ಕೋಟಿ ವರ್ಷ ಬಾಕಿಯಿತ್ತು.

ಇನ್ನು ನಿಮ್ಮ ಸರದಿ

ಕನ್ನಡದ ಮಕ್ಕಳಿಗೆ ಜಗತ್ತನ್ನು ಚಿತ್ರಸಹಿತ ವಿವರಿಸುವ ಕೆಲಸವನ್ನು ಶಿವರಾಮ ಕಾರಂತರು 1936ರಲ್ಲೇ ‘ಬಾಲಪ್ರಪಂಚ’ದಿಂದ ಆರಂಭಿಸಿದರು, ಆಮೇಲೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಕೊಟ್ಟರು. ಗ್ರಂಥಾಲಯದಲ್ಲಿ ಸಿಕ್ಕರೆ ತಿರುವಿಹಾಕಿ. ಚಿತ್ರವೊಂದನ್ನು ಚೆನ್ನಾಗಿ ನೋಡಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನಿಮಗೆ ವಿಷಯ ಅರ್ಥವಾಗಿಲ್ಲ, ಮತ್ತೆ ನೋಡಿ. ನಮ್ಮ ತಾಲ್ಲೂಕುಗಳ ಮೇಷ್ಟ್ರುಗಳು ಮೇಲೇರುವ ನೀರಿನ ಆ ಮೂರು ಗುರುತುಗಳನ್ನು ಕಪ್ಪು ಹಲಗೆಯ ಮೇಲೆ ಮಕ್ಕಳಿಂದಲೇ ಹಾಕಿಸಬೇಕು. ಸೀಮೆಸುಣ್ಣ ಹಿಡಿದು ಬಾಣದ ದಿಕ್ಕು ತಾನೇ ತೀರ್ಮಾನಿಸಿದ ಮಗು ಮುಂದೆ ಯಾವ ನಕ್ಷೆಯ ಎದುರೂ ಬೆದರುವುದಿಲ್ಲ.