ಕೊಡೆಯ ಹಿಂದೆ ಹೋದಾಗ

ಶೆರೋಕಾ ಎಂದರೆ ಪೋಲಿಷ್‌ನಲ್ಲಿ 'ಅಗಲವಾದದ್ದು'. ಹೆಸರಿಗೆ ತಕ್ಕ ಬೀದಿ, ಬೀದಿ ಅನ್ನುವುದಕ್ಕಿಂತ ಉದ್ದನೆಯ ಅಂಗಳ ಅನ್ನಬೇಕು. ಕ್ರಾಕುಫ್ ನಗರದ ಹಳೆಯ ಯಹೂದಿ ಕೇರಿ ಕಜಿಮಿಯೆಷ್‌ನ ಕಾಲ್ನಡಿಗೆ ಪ್ರವಾಸಗಳು ಸುತ್ತುವುದೆಲ್ಲ ಈ ಅಂಗಳವನ್ನೇ. ಬೆಳಗಿನ ಹತ್ತಕ್ಕೆ ನಾವು ಇಪ್ಪತ್ತು ಚಿಲ್ಲರೆ ಜನ, ಎತ್ತಿ ಹಿಡಿದ ಒಂದು ಕೊಡೆ, ಅದರ ಕೆಳಗೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ಮಾರ್ಗದರ್ಶಿ. ಶುಲ್ಕವಿಲ್ಲ, ಕೊನೆಯಲ್ಲಿ ಮನಸ್ಸಿಗೆ ಬಂದಷ್ಟು ಕೊಟ್ಟರಾಯಿತು. ಆ 'ಕೊನೆಯಲ್ಲಿ' ಎಂಬುದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಒಂದು ಗಂಟೆಯ ಬಗ್ಗೆ ನನ್ನ ತಕರಾರಿಲ್ಲ. ರಾಜ ಮೂರನೆಯ ಕಜಿಮಿಯೆಷ್ 1335ರಲ್ಲಿ ಕಟ್ಟಿದ ಈ ಊರು ಆಗ ಕ್ರಾಕುಫ್‌ನಿಂದ ಬೇರೆಯೇ ಇತ್ತು. 1495ರಲ್ಲಿ ಕ್ರಾಕುಫ್‌ನ ಯಹೂದಿಗಳನ್ನು ಇಲ್ಲಿಗೆ ಕಳಿಸಲಾಯಿತು. ರೆಮು ಸಿನಗಾಗ್‌ನ ಹಿತ್ತಲಿನ ಸ್ಮಶಾನದಲ್ಲಿ 1572ರಲ್ಲಿ ತೀರಿಕೊಂಡ ರಬ್ಬಿ ಮೋಷೆ ಇಸ್ಸರ್ಲೆಸ್ ಅವರ ಗೋರಿಯಿದೆ. ಯೋಸೆಫ್ ಕಾರೋ ಬರೆದ ಧರ್ಮನಿಯಮಗಳ ಗ್ರಂಥದ ಹೆಸರು 'ಅಣಿಗೊಂಡ ಊಟದ ಮೇಜು' ಎಂಬರ್ಥದ್ದು. ಅದರಲ್ಲಿ ಪೋಲೆಂಡಿನ ಕಡೆಯ ರೂಢಿಗಳಿಲ್ಲವೆಂದು ಇಸ್ಸರ್ಲೆಸ್ ಟಿಪ್ಪಣಿ ಬರೆದು, ಅದಕ್ಕೆ 'ಮೇಜಿನ ಹಾಸು' ಎಂದು ಹೆಸರಿಟ್ಟರು. ಇದನ್ನು ಹೇಳುವಾಗ ಮಾರ್ಗದರ್ಶಿಯ ಮುಖದಲ್ಲಿ ನಿಜವಾದ ಖುಷಿಯಿತ್ತು. ವ್ಯಾಖ್ಯಾನ ಬರೆಯುವವರ ವಿನಯವೂ ಗತ್ತೂ ಒಟ್ಟಿಗೆ ಇರುವ ಹೆಸರು. ನಮ್ಮ ಟೀಕಾಕಾರರು ಕೇಳಿದ್ದರೆ ತಲೆದೂಗುತ್ತಿದ್ದರು. ಸತ್ತವರನ್ನು ಬರೀ ಸತ್ತವರೆಂದಲ್ಲದೆ, ಒಂದು ಕಾಲಕ್ಕೆ ವಾದ ಮಾಡಿದವರು, ನಕ್ಕವರು ಎಂದು ತೋರಿಸಿದ್ದು ಇಡೀ ಪ್ರವಾಸದಲ್ಲಿ ಈ ಹತ್ತು ನಿಮಿಷ ಮಾತ್ರ.

ಆಮೇಲೆ ಹೊಸ ಚೌಕ. ನಡುವಿನ ದುಂಡು ಕಟ್ಟಡ ಹಿಂದೆ ಕೋಳಿಗಳನ್ನು ಯಹೂದಿ ವಿಧಿಯಂತೆ ಕೊಯ್ಯುತ್ತಿದ್ದ ಜಾಗ, ಈಗ ಅದರ ಸುತ್ತ ಚೀಸ್ ಸುರಿದ ಉದ್ದನೆಯ ಬ್ರೆಡ್ಡು ಮಾರುವ ಕಿಂಡಿಗಳು. ದಾರಿಯಲ್ಲೊಂದು ಅಂಗಡಿಯ ಗಾಜಿನ ಹಿಂದೆ ಹೆಬ್ಬೆರಳುದ್ದದ ಮರದ ಬೊಂಬೆಗಳು: ಗಡ್ಡ, ಕರಿ ಟೋಪಿ, ಎರಡೂ ಕೈಯಲ್ಲಿ ಹಿಡಿದ ಒಂದು ನಾಣ್ಯ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆಂಬ ನಂಬಿಕೆ. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಕ್ರಾಕುಫ್‌ನ ನಾಲ್ವರಲ್ಲಿ ಒಬ್ಬರು ಯಹೂದಿಗಳು. ಈಗ ಅವರಿಗಿಂತ ಬೊಂಬೆಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಕೊಡೆ ಅಲ್ಲಿ ನಿಲ್ಲಲಿಲ್ಲ. ನನ್ನ ಪ್ರಕಾರ ಕಾಲು ಗಂಟೆಯಾದರೂ ನಿಲ್ಲಬೇಕಾಗಿದ್ದ ಜಾಗ ಅದು. 2008ರಿಂದ ಹತ್ತಿರದಲ್ಲೇ ಯಹೂದಿ ಸಮುದಾಯ ಕೇಂದ್ರವಿದೆ, ಜೀವಂತ ಜನ ಬಂದುಹೋಗುತ್ತಾರೆ. ಅದರ ಮುಂದೆ ಹಾದುಹೋದದ್ದು ಒಂದೇ ವಾಕ್ಯದಲ್ಲಿ.

ಕೊಡೆ ನಿಂತದ್ದು ಯೂಜೆಫಾ ಬೀದಿಯ 12ನೆಯ ನಂಬರಿನ ಅಂಗಳದಲ್ಲಿ. ಮರದ ಮೊಗಸಾಲೆ, ಕಮಾನು, ಸವೆದ ಕಲ್ಲುಹಾಸು. ಎಲ್ಲರ ಫೋನೂ ಮೇಲೆದ್ದಿತು, ಯಾಕೆಂದರೆ ಇದನ್ನು ಎಲ್ಲರೂ ಆಗಲೇ ನೋಡಿದ್ದಾರೆ. ಸ್ಪೀಲ್‌ಬರ್ಗ್ 1993ರ 'ಷಿಂಡ್ಲರ್ಸ್ ಲಿಸ್ಟ್' ಚಿತ್ರದಲ್ಲಿ ಘೆಟ್ಟೋ ತೆರವಿನ ದೃಶ್ಯಗಳನ್ನು ಇಲ್ಲಿ ತೆಗೆದರು. ನನ್ನ ಮುಖ್ಯ ಆಕ್ಷೇಪ ಶುರುವಾಗುವುದು ಇಲ್ಲಿಂದ. ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೋ ಕಜಿಮಿಯೆಷ್‌ನಲ್ಲಿ ಇರಲೇ ಇಲ್ಲ. ಅದಿದ್ದದ್ದು ವಿಸ್ಟುಲಾ ನದಿಯಾಚೆಯ ಪೊದ್‌ಗುಝೆಯಲ್ಲಿ. ಅದನ್ನು ಮಾರ್ಗದರ್ಶಿ ಹೇಳಿದರು, ಸುಳ್ಳಾಡಲಿಲ್ಲ. ಆದರೆ ಒಂದು ಉಸಿರಿನಲ್ಲಿ ಹೇಳಿ ಮುಂದಿನ ಐದು ನಿಮಿಷ ಕ್ಯಾಮೆರಾ ಎಲ್ಲಿತ್ತು, ಚಿತ್ರದ ಕೆಂಪು ಕೋಟಿನ ಹುಡುಗಿ ಯಾವ ಕಡೆ ಓಡಿದಳು ಎಂದು ವಿವರಿಸಿದರೆ ಕೇಳುವವರ ತಲೆಯಲ್ಲಿ ಉಳಿಯುವುದು ಯಾವುದು? ಪಕ್ಕದಲ್ಲಿದ್ದ ದಂಪತಿ, "ಹಾಗಾದರೆ ಇಲ್ಲೇ ಎಲ್ಲ ನಡೆದದ್ದು" ಎಂದು ಪಿಸುಗುಟ್ಟಿದರು.

ಹೊಳೆ ದಾಟಿದ್ದು 2010ರಲ್ಲಿ ಕಟ್ಟಿದ ಕಾಲುಸೇತುವೆಯ ಮೇಲೆ, ಕಂಬಿಗಳ ತುಂಬ ಪ್ರೇಮಿಗಳ ಬೀಗ. 1941ರ ಮಾರ್ಚ್‌ನಲ್ಲಿ ಘೆಟ್ಟೋಗೆ ಅಟ್ಟಿಸಿಕೊಂಡ ಜನ ಬೇರೆ ಸೇತುವೆಗಳಿಂದ ಗಾಡಿ, ಹಾಸಿಗೆ, ಮಕ್ಕಳೊಂದಿಗೆ ದಾಟಿದರು. ಪ್ರವಾಸಕ್ಕೆ ಇಲ್ಲೊಂದು ಅವಕಾಶವಿತ್ತು. ಮಾತು ನಿಲ್ಲಿಸಿ ಬರೀ ನಡೆಸಿದ್ದರೆ, ನಮ್ಮ ಕಾಲುಗಳಿಗೇ ಗೊತ್ತಾಗುತ್ತಿತ್ತು ಈ ಅಂತರ ಎಷ್ಟು ಕಮ್ಮಿಯೆಂದು. ಮನೆ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಸೆರೆ. ಬದಲಿಗೆ ಸೇತುವೆಯ ಮೇಲೆ ಊಟಕ್ಕೆಲ್ಲಿ ಹೋಗಬಹುದೆಂಬ ಸಲಹೆ ನಡೆಯಿತು.

ಪೊದ್‌ಗುಝೆಯಲ್ಲಿ ಅಂಕಿಗಳು ತಾವಾಗಿ ಮಾತಾಡುತ್ತವೆ. ಮೊದಲು ಸುಮಾರು 3,000 ಜನ ಇದ್ದ 320 ಮನೆಗಳಿಗೆ ಸುಮಾರು 15,000 ಜನರನ್ನು ತುಂಬಿದರು. ಗೋಡೆಯ ಮೇಲಂಚನ್ನು ಯಹೂದಿ ಸಮಾಧಿಕಲ್ಲಿನ ಆಕಾರದಲ್ಲಿ ಕಮಾನಾಗಿ ಕಟ್ಟಿದರು. 1942ರ ಜೂನ್ ಮತ್ತು ಅಕ್ಟೋಬರ್‌ನಲ್ಲಿ ಜನರನ್ನು ತುಂಬಿದ ರೈಲುಗಳು ಬೆವ್ಜೆತ್ಸ್ ಕೊಲೆಶಿಬಿರಕ್ಕೆ ಹೊರಟವು. 1943ರ ಮಾರ್ಚ್ 13-14ರಂದು ಘೆಟ್ಟೋ ಮುಗಿಯಿತು. ಜನರನ್ನು ಕೂಡಿಹಾಕುತ್ತಿದ್ದ ಚೌಕದ ಆಗಿನ ಹೆಸರು ಸಾಮರಸ್ಯ ಚೌಕ. ಈಗ ಘೆಟ್ಟೋ ವೀರರ ಚೌಕ. 2005ರಲ್ಲಿ ಲೆವಿತ್ಸ್ಕಿ ಮತ್ತು ವಾತಾಕ್ ಎಂಬ ವಾಸ್ತುಶಿಲ್ಪಿಗಳು ಇಲ್ಲಿ ಖಾಲಿ ಕುರ್ಚಿಗಳನ್ನು ನಿಲ್ಲಿಸಿದರು: ದೊಡ್ಡವು 33, ಚಿಕ್ಕವು 37. ಚಿಕ್ಕವು ಚೌಕದ ಅಂಚಿನಲ್ಲಿ, ಟ್ರಾಮ್ ನಿಲ್ದಾಣಗಳಲ್ಲಿ. ನಾವು ತಲೆತಗ್ಗಿಸಿ ನಿಂತಿದ್ದಾಗ ಅಜ್ಜಿಯೊಬ್ಬರು ತರಕಾರಿ ಚೀಲವನ್ನು ಕಾಲ ಬಳಿ ಇಟ್ಟು ಒಂದು ಚಿಕ್ಕ ಕುರ್ಚಿಯ ಮೇಲೆ ಕೂತರು, ಚೀಲದಿಂದ ಲೀಕ್ ಸೊಪ್ಪು ಹೊರಗೆ ಇಣುಕುತ್ತಿತ್ತು. ಟ್ರಾಮ್ ಬಂತು, ಹತ್ತಿ ಹೋದರು. ಸ್ಮಾರಕಕ್ಕೆ ಅವಮಾನವಾಯಿತೆಂದು ನಮ್ಮಲ್ಲೊಬ್ಬರು ಹುಬ್ಬೇರಿಸಿದರು. ನನಗೆ ಆ ಸ್ಮಾರಕ ಅರ್ಥವಾದದ್ದೇ ಆಗ. ಅಂದೂ ಜನ ಇದೇ ಚೌಕದಲ್ಲಿ ಸಾಮಾನು ಕಾಲ ಬಳಿ ಇಟ್ಟುಕೊಂಡು ಕಾದಿದ್ದರು.

ಚೌಕದ ಮೂಲೆಯಲ್ಲಿ 'ಹದ್ದಿನ ಗುರುತಿನ' ಔಷಧಿ ಅಂಗಡಿ. ತಾದೆಉಷ್ ಪಾಂಕ್ಯೆವಿಚ್ ಯಹೂದಿಯಲ್ಲದಿದ್ದರೂ ಘೆಟ್ಟೋ ಒಳಗೇ ಅಂಗಡಿ ನಡೆಸಿದವರು. ವಯಸ್ಸಾದವರು ಯಾರನ್ನು ಸಾಗಹಾಕಬೇಕೆಂದು ಆರಿಸುವ ಸಾಲಿನಲ್ಲಿ ಹರೆಯದವರಂತೆ ಕಾಣಲು ಕೂದಲಿನ ಬಣ್ಣ, ಬಚ್ಚಿಟ್ಟ ಮಕ್ಕಳು ಅಳದಿರಲು ನಿದ್ದೆಯ ಔಷಧಿ. ಮಾರ್ಗದರ್ಶಿ ಚೆನ್ನಾಗಿಯೇ ಹೇಳಿದರು. ಆದರೆ ದಿನವೂ ಗೋಡೆ ದಾಟಿ ಬಂದು ಕೆಲಸ ಮಾಡಿದ ಇರೇನಾ ದ್ರೋಜ್ಜಿಕೋವ್ಸ್ಕಾ, ಹೆಲೆನಾ ಕ್ರಿವಾನ್ಯುಕ್, ಔರೇಲಿಯಾ ದಾನೆಕ್ ಎಂಬ ಮೂವರು ಹೆಂಗಸರ ಹೆಸರು ಬರಲಿಲ್ಲ. ಇನ್ನೂ ದೊಡ್ಡ ಮರೆವು ಚೌಕದ ಹೆಸರಿಗೇ ಸಂಬಂಧಿಸಿದ್ದು: ಈ ವೀರರು ಯಾರು? ಯಹೂದಿ ಹೋರಾಟಗಾರರು 1942ರ ಡಿಸೆಂಬರ್ 22ರಂದು ಜರ್ಮನ್ ಅಧಿಕಾರಿಗಳ ಅಡ್ಡೆಯಾಗಿದ್ದ ಸಿಗಾನೇರಿಯಾ ಕಾಫಿಹೌಸಿಗೆ ಗ್ರೆನೇಡ್ ಎಸೆದರು. ಅವರ ಗುಂಪಿನ ಗುಸ್ತಾ ಡೇವಿಡ್‌ಸನ್ ಡ್ರೇಂಗರ್ ಸೆರೆಮನೆಯಲ್ಲಿ ಶೌಚದ ಕಾಗದದ ಚೂರುಗಳ ಮೇಲೆ ಆ ಚರಿತ್ರೆ ಬರೆದರು. ಒಂದು ಮಾತಿಲ್ಲ. ಕಾಪಾಡಿದವರಿಗೆ ಅರ್ಧ ಗಂಟೆ, ಎದುರು ನಿಂತ ಯಹೂದಿಗಳಿಗೆ ಸೊನ್ನೆ. ಕಾಪಾಡಿದವರ ಕಥೆ ಕೇಳಿದ ಮೇಲೆ ಊಟ ಸೇರುತ್ತದೆ, ಕಾರಣ ಅದೇ ಇರಬೇಕು. ನೇಮಿಚಂದ್ರರ 'ಯಾದ್ ವಶೇಮ್' ಓದಿ, ಜರ್ಮನಿಯಿಂದ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಜೊತೆಗೇ ಈ ಚರಿತ್ರೆಗೆ ಕಾಲಿಟ್ಟ ನನ್ನಂಥ ಕನ್ನಡ ಓದುಗರಿಗೆ ಇಷ್ಟು ಸಲೀಸು ದಾರಿ ಸಾಲದು.

ಪ್ರವಾಸ ಮುಗಿದದ್ದು ಲಿಪೋವಾ ಬೀದಿಯಲ್ಲಿ, ಆ ಚಿತ್ರದ ಕಥಾನಾಯಕ ಷಿಂಡ್ಲರ್‌ನ ಕಾರ್ಖಾನೆಯ ಮುಂದೆ. ಟೋಪಿ ಚಾಚಿತು. ಎರಡೂವರೆ ಗಂಟೆ ಬಿಸಿಲಲ್ಲಿ ನಿಂತು ಮಾತಾಡಿದವರಿಗೆ ದುಡ್ಡು ಸಲ್ಲಬೇಕು, ನಾನೂ ಕೊಟ್ಟೆ. ಆದರೆ ಮನಸ್ಸಿಗೆ ಬಂದಷ್ಟು ಕೊಡಿ ಎನ್ನುವ ಪದ್ಧತಿಯಲ್ಲಿ ಕೇಳುವವರ ಮನಸ್ಸು ಕೆಡದಂತೆ ನೋಡಿಕೊಳ್ಳಬೇಕಾಗುತ್ತದೆ. ಬೆವ್ಜೆತ್ಸ್ ಒಂದು ವಾಕ್ಯಕ್ಕೆ ಇಳಿಯುವುದು, ಹುಡುಗಿಯ ಕೆಂಪು ಕೋಟು ಐದು ನಿಮಿಷಕ್ಕೆ ಬೆಳೆಯುವುದು ಹೀಗೆ.

ಮಧ್ಯಾಹ್ನ ಒಬ್ಬನೇ ಪ್ವಾಶುಫ್ ಕಡೆ ನಡೆದೆ. ಘೆಟ್ಟೋದಲ್ಲಿ ಉಳಿದವರಲ್ಲಿ ಹಲವರನ್ನು ಅಟ್ಟಿದ ಶಿಬಿರ ಅದು. ಎರಡು ಯಹೂದಿ ಸ್ಮಶಾನಗಳ ಮೇಲೆ ಕಟ್ಟಿ, ಸಮಾಧಿಕಲ್ಲುಗಳನ್ನು ದಾರಿಗೆ ಹಾಸಿದ್ದರು. ಈಗ ಬಹುಪಾಲು ಹುಲ್ಲು, ನಾಯಿ ಅಡ್ಡಾಡಿಸುವವರು, ಅಲ್ಲೊಂದು ಇಲ್ಲೊಂದು ಫಲಕ. ಪಕ್ಕದ ಲಿಬಾನ್ ಕಲ್ಲುಗಣಿಯಲ್ಲಿ ಸ್ಪೀಲ್‌ಬರ್ಗ್ ಶಿಬಿರದ ಸೆಟ್ ಹಾಕಿಸಿದ್ದರು. ಅದರ ಅವಶೇಷ, ನಕಲಿ ಸಮಾಧಿಕಲ್ಲು ಹಾಸಿದ ದಾರಿಯ ತುಂಡು, ಮುಳ್ಳುಗಂಟಿಗಳ ನಡುವೆ ಇನ್ನೂ ಇದೆ. ಗಣಿಯ ಅಂಚಿನಲ್ಲಿ ಇಬ್ಬರು ಹುಡುಗರು ಅದನ್ನು ಹುಡುಕುತ್ತಾ ಬಗ್ಗಿ ನೋಡುತ್ತಿದ್ದರು. ಶಿಬಿರ ಯಾವ ಕಡೆ ಎಂದು ನನ್ನನ್ನು ಕೇಳಿದರು. ಅವರ ಬೆನ್ನ ಹಿಂದಿದ್ದ ಹುಲ್ಲಿನ ಕಡೆ ಕೈ ತೋರಿಸಿದೆ.