ಕೋವಿ ಕೊಡಿ, ರಸೀದಿ ತಗೊಳ್ಳಿ

ಮಲೆನಾಡಿನಲ್ಲಿ ಚುನಾವಣೆ ಬಂತು ಅಂತ ಮೊದಲು ಗೊತ್ತಾಗೋದು ಕೋವಿ ಇರೋ ಮನೆಗಳಿಗೆ. ಅಭ್ಯರ್ಥಿ ಯಾರು ಅಂತ ತಿಳಿಯೋ ಮೊದಲೇ ಠಾಣೆಯಿಂದ ಫೋನು: "ಗೌಡ್ರೇ, ಕೋವಿ ತಂದಿಟ್ಟು ಹೋಗಿ." ಅಪ್ಪ ಹಳೇ ಒಂಟಿ ನಳಿಗೆ ಕೋವಿ ಹಿಡಿದು ಪಕ್ಕದ ಮನೆಯವರ ಜೀಪು ಹತ್ತುತ್ತಾರೆ, ರಸೀದಿ ಜೇಬಿಗಿಟ್ಟು ವಾಪಸ್ ಬರುತ್ತಾರೆ.

2024ರಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾಗಿದ್ದು ಮಾರ್ಚ್ 16ಕ್ಕೆ, ಫಲಿತಾಂಶ ಬಂದಿದ್ದು ಜೂನ್ 4ಕ್ಕೆ. ಎಂಬತ್ತು ದಿನ! ಕಾಡುಹಂದಿಗೆ ನೀತಿ ಸಂಹಿತೆ ಇಲ್ವಲ್ಲ. ನಮ್ಮಲ್ಲಿ ಕೋವಿ ಇರೋದು ಹೆಚ್ಚಾಗಿ ಒಂದು ಸದ್ದು ಮಾಡಿ ಹೆದರಿಸೋಕೆ. ಆ ಸದ್ದೂ ಇಲ್ಲದಿದ್ದರೆ ಬಾಳೆ, ಎಳೇ ಅಡಿಕೆ ಗಿಡ ಬುಡಸಮೇತ ಹೋಗುತ್ತೆ.

ಕಾನೂನು ಹೀಗೆ ಹೇಳಿದೆಯಾ? ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ರಕ್ಷಣೆಯನ್ನು ಲೈಸೆನ್ಸಿಗೆ ಒಂದು ಕಾರಣವೆಂದೇ ಒಪ್ಪುತ್ತದೆ. ಅರ್ಜಿ ಹಾಕಿದರೆ ಠಾಣೆಯಿಂದ ವರದಿ ತರಿಸಬೇಕು. ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ಚುನಾವಣಾ ಆಯೋಗದ ನಿರ್ದೇಶನವೂ ಸ್ಪಷ್ಟ: ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಲೈಸೆನ್ಸುದಾರರನ್ನು ಪರಿಶೀಲಿಸಬೇಕು. ಅದರಲ್ಲೂ ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿದ್ದವರು. ಅಂದರೆ ಒಬ್ಬೊಬ್ಬರನ್ನೂ ನೋಡಿ ನಿರ್ಧರಿಸಿ ಅಂತ. ನಮ್ಮಲ್ಲಿ ಆಗೋದು ಎಲ್ಲರಿಗೂ ಒಂದೇ ಆದೇಶ.

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರೆ, ಇದು 'ವೇರ್' ಷರತ್ತು ಹಾಕದೆ ಇಡೀ ಟೇಬಲ್ ಮೇಲೆ ಕ್ವೆರಿ ಓಡಿಸಿದ ಹಾಗೆ. ಆಫೀಸಲ್ಲಿ ಹೊಸ ಹುಡುಗ ಹೀಗೆ ಮಾಡಿದರೆ ಮ್ಯಾನೇಜರ್ ಬೆವರುತ್ತಾನೆ. ಮಾಹಿತಿ ಇಲ್ಲ ಅನ್ನೋ ಹಾಗೂ ಇಲ್ಲ. ಲೈಸೆನ್ಸುಗಳ ರಾಷ್ಟ್ರೀಯ ಡೇಟಾಬೇಸ್ ಇದೆ, ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇದೆ. ಅದಕ್ಕಿಂತ ಮುಖ್ಯವಾಗಿ, ಲೈಸೆನ್ಸ್ ಕೊಡುವಾಗ "ಈ ಮನುಷ್ಯನ ಮೇಲೆ ಕೇಸಿಲ್ಲ, ಆಕ್ಷೇಪಣೆ ಇಲ್ಲ" ಅಂತ ವರದಿ ಬರೆದಿದ್ದು ಇದೇ ಠಾಣೆ. ಚುನಾವಣೆ ಬಂದ ತಕ್ಷಣ ತಾನೇ ಬರೆದ ವರದಿಯನ್ನು ತಾನೇ ನಂಬಲ್ಲ ಅಂದ್ರೆ, ಆ ಪರಿಶೀಲನೆ ಯಾಕೆ ಬೇಕಿತ್ತು?

ಪೊಲೀಸರ ಕಷ್ಟವೂ ಅರ್ಥವಾಗುತ್ತೆ. ಸಿಬ್ಬಂದಿ ಕಮ್ಮಿ, ಸಮಯ ಕಮ್ಮಿ. ಎಲ್ಲೋ ಒಂದು ಗುಂಡು ಹಾರಿದರೆ "ಯಾಕೆ ಬಿಟ್ರಿ?" ಅಂತ ಕೇಳೋದು ಅವರನ್ನೇ. ತೋಟ ಹಾಳಾದರೆ ಯಾರನ್ನೂ ಕೇಳಲ್ಲ. ಎಲ್ಲರದ್ದನ್ನೂ ಇಟ್ಟುಕೊಳ್ಳೋದು ಇಲಾಖೆಗೆ ಸುರಕ್ಷಿತ, ನಷ್ಟ ಮಾತ್ರ ರೈತನ ಲೆಕ್ಕಕ್ಕೆ.

ಹಾಗಂತ ಯಾರದ್ದೂ ಇಡಬೇಡಿ ಅಂತಲ್ಲ. ಅನುಮಾನ ಇರುವವರ ಪಟ್ಟಿ ಮಾಡಿ, ಕಾರಣ ಬರೆದು ನೋಟಿಸ್ ಕೊಡಿ. ಚುನಾವಣೆಯೇನು ದಿಢೀರ್ ಅಂತ ಬರುವ ಮಳೆಯಲ್ಲ, ವರ್ಷ ಮೊದಲೇ ಗೊತ್ತಿರುತ್ತೆ. ಪಟ್ಟಿಯನ್ನು ಆಗಲೇ ಶುರು ಮಾಡಬಹುದು.

ಅಪ್ಪನಿಗೆ ಈ ಸಲ ಒಂದು ಮಾತು ಹೇಳಿದ್ದೇನೆ. ಮುಂದಿನ ಸಲ ಫೋನ್ ಬಂದರೆ ಜಗಳ ಬೇಡ, "ಕಾರಣ ಬರೆದು ಕೊಡಿ ಸಾರ್" ಅಂತ ಕೇಳಿ. ಅವರು ನಕ್ಕರು: "ನೀನು ಬೆಂಗಳೂರಲ್ಲಿ ಕೂತು ಹೇಳ್ತೀಯ. ನಾನು ಅದೇ ಠಾಣೆಗೆ ನವೀಕರಣದ ವರದಿಗೂ ಹೋಗಬೇಕಲ್ಲೋ."